ಹೈಡ್ರೋಜನ್ ಲೈನ್, 11ನೇ ವಾರ: ಕಳ್ಳ ಮನೆಯೊಳಗೇ ಇದ್ದ

ಸಿಕ್ಕಿಬಿದ್ದ. ಹೈಡ್ರೋಜನ್ ಅಲ್ಲ, ಹೈಡ್ರೋಜನ್ ವೇಷ ಹಾಕಿಕೊಂಡು ಆರು ವಾರ ನಮ್ಮನ್ನು ಕುಣಿಸಿದವನು.

ಹೈಡ್ರೋಜನ್ ಲೈನ್ ಅಂದರೆ ಆಕಾಶಗಂಗೆಯ ಹೈಡ್ರೋಜನ್ ಅನಿಲ 1420.4 ಮೆಗಾಹರ್ಟ್ಜ್‌ನಲ್ಲಿ ಕಳಿಸುವ ಕ್ಷೀಣ ರೇಡಿಯೊ ಸಿಗ್ನಲ್. ಅದನ್ನು ಹಾರ್ನ್‌ನಿಂದ, ಅಂದರೆ ಆಲಿಕೆಯಾಕಾರದ ಆಂಟೆನಾದಿಂದ, ಹಿಡಿಯುವುದೇ ನಮ್ಮ ಪ್ರಾಜೆಕ್ಟ್. ಹಾರ್ನ್ ಕಟ್ಟಿದ್ದು, ಡಬ್ಬದೊಳಗೆ ಪ್ರೋಬ್ (ಸಿಗ್ನಲ್ ಹಿಡಿಯುವ ಪುಟ್ಟ ಕಡ್ಡಿ) ಕೂರಿಸಿದ್ದು, ಎಲ್‌ಎನ್‌ಎ (ಕ್ಷೀಣ ಸಿಗ್ನಲ್ ಹಿಗ್ಗಿಸುವ ವರ್ಧಕ), ಫಿಲ್ಟರ್, ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೊ) ಜೋಡಿಸಿದ್ದು, ಇವೆಲ್ಲ ನೀವೂ ಮಾಡಿರುತ್ತೀರಿ, ಬಿಡಿ. ಕನೆಕ್ಟರ್ ಕಥೆಯನ್ನು ಮಾತ್ರ ಹೇಳದೆ ಇರಲಾರೆ. ಎಸ್‌ಎಂಎ ಕೇಬಲ್ ಕೇಳಿದರೆ ಆರ್‌ಪಿ-ಎಸ್‌ಎಂಎ ಕಳಿಸಿದ್ದಾರೆ. ಎರಡೂ ತಿರುಪಿನ ರೇಡಿಯೊ ಕನೆಕ್ಟರುಗಳೇ, ಒಳಗಿನ ಪಿನ್ನು, ತೂತು ಮಾತ್ರ ಅದಲುಬದಲು. ಹೊರಗಿನಿಂದ ಎರಡೂ ಅವಳಿ-ಜವಳಿ. ತಿರುಗಿಸಿದರೆ ಗಟ್ಟಿಯಾಗಿ ಕೂರುತ್ತದೆ, ಒಳಗೆ ಮಾತ್ರ ಎರಡು ಕಡೆಯೂ ತೂತು, ಪಿನ್ನೇ ಇಲ್ಲ. ಸಿಗ್ನಲ್ ಯಾಕಿಲ್ಲ ಅಂತ ಎರಡು ಸಂಜೆ ಸಾಫ್ಟ್‌ವೇರ್‌ನಲ್ಲಿ ತಡಕಾಡಿದೆವು. ವಾಪಸ್ ಕಳಿಸಿದೆವು. ಬದಲಿಗೆ ಬಂದದ್ದೂ ಅದೇ.

ನಮ್ಮ ತಂಡ ಮೂರು ಜನ. ಕೊನೆಯ ವರ್ಷದ ಫಿಸಿಕ್ಸ್‌ನ ನಾನು, ಎರಡನೇ ವರ್ಷದ ಕಂಪ್ಯೂಟರ್ ಸೈನ್ಸ್ ಹುಡುಗಿ, ಮತ್ತೆ ಎಲ್ಲದಕ್ಕೂ ಪ್ರಶ್ನೆ ಕೇಳುವ ಮೊದಲ ವರ್ಷದ ಹುಡುಗ. ಸತ್ಯ ಹೇಳಬೇಕೆಂದರೆ ನಾನು ಈ ಪದವಿ ಹಂತದ ಸಂಶೋಧನೆಗೆ ಸೇರಿದ್ದೇ ಶಿಫಾರಸು ಪತ್ರದ ಆಸೆಗೆ.

ಐದನೇ ವಾರ 1420.4 ಮೆಗಾಹರ್ಟ್ಜ್‌ನಲ್ಲಿ ಒಂದು ಉಬ್ಬು ಬಂತು. ಸೂಜಿಯಂಥದ್ದಲ್ಲ, ಮೆತ್ತಗೆ, ಸುಮಾರು 60 ಕಿಲೋಹರ್ಟ್ಜ್ ಅಗಲ, ಪುಸ್ತಕದ ಚಿತ್ರದಲ್ಲಿ ಇದ್ದಂತೆಯೇ. ಕುಣಿದಾಡಿದೆವು. ವಿದ್ಯಾರ್ಥಿ ಸಂಶೋಧನಾ ದಿನಕ್ಕೆ ಸಾರಾಂಶವನ್ನೂ ಕಳಿಸಿಬಿಟ್ಟೆವು. ನಮ್ಮ ಗೈಡ್ ಮೇಡಂ ಅದನ್ನು ನೋಡಿ, "ಹೂಂ, ಇನ್ನೊಂದಷ್ಟು ದಿನ ನೋಡಿ" ಅಂದರು. ಆ "ಹೂಂ" ಈಗ ಅರ್ಥವಾಗುತ್ತಿದೆ.

ತೊಂದರೆ ಏನೆಂದರೆ, ಉಬ್ಬು ಹೋಗಲೇ ಇಲ್ಲ. ಆಕಾಶಗಂಗೆ ನೆತ್ತಿಯ ಮೇಲಿದ್ದಾಗ ಎಷ್ಟಿತ್ತೋ, ಅದು ಮುಳುಗಿದ ಮೇಲೂ ಅಷ್ಟೇ. ಆಗ ಮೊದಲ ವರ್ಷದವನು ಹಾರ್ನ್ ಬಗ್ಗಿಸಿ ನೆಲಕ್ಕೆ ಮುಖ ಮಾಡಿ, "ಅಕ್ಕಾ, ನೆಲದಲ್ಲೂ ಹೈಡ್ರೋಜನ್ ಇದೆಯಾ?" ಅಂದ. ನಕ್ಕೆವು. ಪರದೆ ನೋಡಿದ ಮೇಲೆ ನಗು ನಿಂತಿತು.

ಹಾರ್ನ್ ಬಿಚ್ಚಿ ಅದರ ಜಾಗದಲ್ಲಿ 50 ಓಮ್ ಟರ್ಮಿನೇಟರ್ (ಆಂಟೆನಾ ಬದಲು ಬರೀ ರೆಸಿಸ್ಟರ್ ಇರುವ ಮುಚ್ಚಳ) ಹಾಕಿದರೆ ಉಬ್ಬು ಮಾಯ. ಅಂದರೆ ಅದು ಡಾಂಗಲ್ಲಿನಲ್ಲಿ ಹುಟ್ಟುತ್ತಿಲ್ಲ, ಹಾರ್ನ್ ಬಾಯಿಂದಲೇ ಒಳಗೆ ಬರುತ್ತಿದೆ. ಆದರೆ ಹಾರ್ನ್ ಎತ್ತ ತಿರುಗಿದರೂ ಬರುತ್ತದೆ. ಲ್ಯಾಪ್‌ಟಾಪ್ ದೂರ ಇಟ್ಟೆವು, ಚಾರ್ಜರ್ ಕಿತ್ತೆವು, ಕೇಬಲ್ಲಿಗೆಲ್ಲ ರೇಡಿಯೊ ಗದ್ದಲ ತಡೆಯುವ ಫೆರೈಟ್ ಮಣಿ ಪೋಣಿಸಿದೆವು. ಮದುವೆ ಹೆಣ್ಣಿನ ಹಾಗೆ ಕಾಣುತ್ತಿತ್ತು. ಉಬ್ಬು ಜಗ್ಗಲಿಲ್ಲ.

ಮೂರು ವಾರ ಹೀಗೇ ಕಳೆದ ಮೇಲೆ ಕಂಪ್ಯೂಟರ್ ಹುಡುಗಿ, ನಾನು ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದಳು. ನಾವು ಯಾವಾಗಲೂ ಒಂದು ಗಂಟೆಯ ಆವರೇಜ್ ಮಾತ್ರ ನೋಡುತ್ತಿದ್ದೆವು. ಅವಳು ಆವರೇಜ್ ತೆಗೆದು, ಕ್ಷಣಕ್ಷಣದ ಸ್ಪೆಕ್ಟ್ರಮನ್ನು ಒಂದರ ಕೆಳಗೊಂದು ತೋರಿಸುವ ವಾಟರ್‌ಫಾಲ್ ಹಾಕಿದಳು. ಉಬ್ಬು ಅನ್ನುವುದೇ ಇರಲಿಲ್ಲ! ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಹಾವಿನ ಹಾಗೆ ನಿಧಾನಕ್ಕೆ ಒಂದೇ ಕಡೆಗೆ ಸರಿಯುತ್ತಿತ್ತು. ಅದರ ಒಂದು ಗಂಟೆಯ ಓಡಾಟವನ್ನು ಕೂಡಿಸಿ ಭಾಗಿಸಿ, ಸೂಜಿಯನ್ನು ಗುಡ್ಡ ಮಾಡಿದ್ದು ನಾವೇ.

ರಾತ್ರಿ ತಣ್ಣಗಾಗುತ್ತಾ ಹೋದ ಹಾಗೆ ಸರಿಯುವ ಗೆರೆ. ಹಾರ್ನ್ ಬೆನ್ನಿಗೆ ಅಂಟಿಕೊಂಡು, ಅದು ತಿರುಗಿದತ್ತ ತಾನೂ ತಿರುಗುವ ವಸ್ತು ಯಾವುದು? ಓರೆ ಕೋನ ಬರೆದುಕೊಳ್ಳಲಿ ಅಂತ ನಾನೇ ಪ್ರೀತಿಯಿಂದ ಕೂರಿಸಿದ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು.

ಅದನ್ನು ಮೊದಲೇ ಅನುಮಾನಿಸಿದ್ದೆ ಕೂಡ. ಊನೊದ ತಾಳ 16 ಮೆಗಾಹರ್ಟ್ಜ್, ಅದರ ಎರಡರಷ್ಟು, ಮೂರರಷ್ಟು, ಹೀಗೆ ಗುಣಕಗಳಲ್ಲೂ (ಹಾರ್ಮೋನಿಕ್) ಸಣ್ಣ ರೇಡಿಯೊ ಗದ್ದಲ ಹೊರಡುತ್ತದೆ. ನೋಟ್‌ಬುಕ್ಕಿನಲ್ಲಿ ಇದೆ: "16 × 89 = 1424. 3.6 ಮೆಗಾಹರ್ಟ್ಜ್ ಆಚೆ. ಇದಲ್ಲ." ಕೆಳಗೆ ಎರಡು ಗೆರೆ ಬೇರೆ. ಲೆಕ್ಕ ಸರಿ, ತಿಳಿವಳಿಕೆ ತಪ್ಪು. ಊನೊದ ಮುಖ್ಯ ಚಿಪ್ಪಿಗೆ ತಾಳ ಹಾಕುವುದು ಕ್ವಾರ್ಟ್ಜ್ ಕ್ರಿಸ್ಟಲ್ ಅಲ್ಲ, ಅಷ್ಟು ನಿಖರವಲ್ಲದ ಸೆರಾಮಿಕ್ ರೆಸೊನೇಟರ್. ಕ್ರಿಸ್ಟಲ್ ಆದರೆ ಹತ್ತು ಲಕ್ಷಕ್ಕೆ ಕೆಲವು ಹತ್ತರಷ್ಟು ತಪ್ಪುತ್ತದೆ, ರೆಸೊನೇಟರ್ ಶೇಕಡಾ ಅರ್ಧ ಅತ್ತಿತ್ತ ಇದ್ದರೂ ಕೇಳುವವರಿಲ್ಲ. ನಮ್ಮದು ಶೇಕಡಾ 0.25ರಷ್ಟು ಕಡಿಮೆ ಓಡುತ್ತಿತ್ತು, ಅಷ್ಟೇ. 89ನೇ ಹಾರ್ಮೋನಿಕ್ ಸೀದಾ ಹೈಡ್ರೋಜನ್ ಕುರ್ಚಿಯಲ್ಲಿ ಕೂತಿತ್ತು. ಇಂಥ ಕಾಕತಾಳೀಯ ಪರೀಕ್ಷೆಯಲ್ಲಿ ಒಂದು ಸಲವೂ ಆಗಿಲ್ಲ ನನಗೆ.

ಖಾತ್ರಿ ಮಾಡಿಕೊಳ್ಳಲು ಬೋರ್ಡಿನ ಹತ್ತಿರ ಬಾಯಿಟ್ಟು ಬಿಸಿ ಉಸಿರು ಬಿಟ್ಟೆ. ಪರದೆಯ ಮೇಲೆ ಗೆರೆ ಪಕ್ಕಕ್ಕೆ ಜಾರಿತು, ಉಸಿರು ನಿಲ್ಲಿಸಿದರೆ ತೆವಳುತ್ತಾ ವಾಪಸ್ ಬಂತು. ಹುಡುಗನೂ ಊದಿದ. ಆಮೇಲೆ ಹತ್ತು ನಿಮಿಷ ಮೂವರೂ ಸರದಿಯಲ್ಲಿ ಊದಿದೆವು.

ನನ್ನನ್ನು ಕೊರೆಯುತ್ತಿರುವುದು ಬೇರೆ. ಲ್ಯಾಬ್ ಕ್ಲಾಸಿನಲ್ಲಿ ಗುರುತ್ವ ವೇಗೋತ್ಕರ್ಷ g 9.8 ಬರಬೇಕು ಅಂತ ಮೊದಲೇ ಗೊತ್ತಿರುತ್ತದೆ. 9.4 ಬಂದರೆ ಲೋಲಕದ ಉದ್ದವನ್ನು ಪೆನ್ಸಿಲಿನಲ್ಲೇ ಸ್ವಲ್ಪ ಎಳೆದು ಉದ್ದ ಮಾಡುವುದು ನಮಗೆಲ್ಲ ಕರಗತ. ಇಲ್ಲೂ ಅದನ್ನೇ ಮಾಡಿದ್ದೆ. ಬೇಕಾದ ಜಾಗದಲ್ಲಿ ಏನೋ ಕಂಡ ಕೂಡಲೇ ಹುಡುಕುವುದನ್ನು ನಿಲ್ಲಿಸಿದ್ದೆ. ಮೂರು ವರ್ಷದ ರೆಕಾರ್ಡ್ ಬುಕ್ಕುಗಳಲ್ಲಿ ಇದಕ್ಕೆ ಯಾರೂ ಕೆಂಪು ಇಂಕು ಹಾಕಿರಲಿಲ್ಲ.

ಅಂದಹಾಗೆ, 1951ರಲ್ಲಿ ಇವೆನ್ ಮತ್ತು ಪರ್ಸೆಲ್ ಎಂಬ ಭೌತವಿಜ್ಞಾನಿಗಳು ಈ ಲೈನನ್ನು ಮೊದಲು ಹಿಡಿದದ್ದೂ ಹಾರ್ವರ್ಡ್‌ನ ಕಿಟಕಿಯಿಂದ ಆಚೆ ಚಾಚಿದ ಹಾರ್ನ್‌ನಿಂದಲೇ. ದಾರಿಹೋಕ ವಿದ್ಯಾರ್ಥಿಗಳು ಅದರೊಳಗೆ ಹಿಮದುಂಡೆ ಎಸೆಯುತ್ತಿದ್ದರಂತೆ.  ಹಿಮದುಂಡೆಯಿಂದ ಹಾರ್ನ್ ಬೆನ್ನಿನ ಆರ್ಡುಯಿನೊವರೆಗೆ, ವಿದ್ಯಾರ್ಥಿಗಳ ಕೊಡುಗೆ ದೊಡ್ಡದೇ.

ಬೋರ್ಡ್ ಕಿತ್ತ ರಾತ್ರಿ ಸ್ಪೆಕ್ಟ್ರಮ್ ಬೋಳು. ಎರಡನೇ ರಾತ್ರಿ, ಆಕಾಶಗಂಗೆ ಮೇಲೆ ಬಂದಾಗ, ಚಿಕ್ಕದೊಂದು ಉಬ್ಬು, ಮೊದಲಿನದರ ಅರ್ಧವೂ ಇಲ್ಲ, ಒಂದು ಪಕ್ಕ ಇಳಿಜಾರು. ವಾಟರ್‌ಫಾಲ್‌ನಲ್ಲೂ ಅಗಲವಾಗಿಯೇ ಇದೆ. ನೆಲಕ್ಕೆ ತಿರುಗಿಸಿದರೆ ಇಲ್ಲ. ಈ ಸಲ ಯಾರೂ ಕುಣಿಯಲಿಲ್ಲ. ಹುಡುಗ ಕೇಳಿದ, "ಇದರ ಮೇಲೆ ಊದಲಾ?"

ಈಗ ಡಾಪ್ಲರ್ ಕೆಲಸ, ಅಂದರೆ ಉಬ್ಬು ಎಷ್ಟು ಸರಿದಿದೆ ಅಂತ ನೋಡಿ ಅನಿಲದ ವೇಗ ಲೆಕ್ಕ ಹಾಕುವುದು. ಸೆಕೆಂಡಿಗೆ 1 ಕಿಲೋಮೀಟರ್ ವೇಗಕ್ಕೆ 4.74 ಕಿಲೋಹರ್ಟ್ಜ್. ಭೂಮಿಯ ಓಟವನ್ನು ಕಳೆದ ಮೇಲೆ ಏನುಳಿಯುತ್ತದೋ ನೋಡಬೇಕು. ಈ ನಡುವೆ ನನ್ನ ತಲೆ ಆಗಲೇ ಮ್ಯೂಆನ್ (ಬಾಹ್ಯಾಕಾಶದ ಕಿರಣಗಳಿಂದ ಹುಟ್ಟುವ ಕಣ) ಡಿಟೆಕ್ಟರ್ ಕಡೆ ಓಡಿದೆ. ಅದಕ್ಕೆ ಬೇಕಾದ ಸಿಂಟಿಲೇಟರ್ (ಕಣ ಹಾದರೆ ಮಿನುಗುವ ವಸ್ತು) ತುಂಡು ಒಂದು ಸಾಕು ಅಂದರೆ ಮಾರುವವರು ಕನಿಷ್ಠ ಇಪ್ಪತ್ತು ಅನ್ನುತ್ತಾರೆ. ಯಾರಾದರೂ ಪಾಲಿಗೆ ಬರುವುದಾದರೆ ಹೇಳಿ.

ಸಾರಾಂಶ ಹಿಂತೆಗೆದುಕೊಳ್ಳುವ ಬಗ್ಗೆ ಮೇಡಂ ಹತ್ತಿರ ಹೋದೆ. ಹಿಂತೆಗೆಯಬೇಡ, ತಿದ್ದಿ ಕಳಿಸು, ಸುಳ್ಳು ಉಬ್ಬನ್ನು ಪೋಸ್ಟರಿನ ನಡುವೆ ದೊಡ್ಡದಾಗಿ ಹಾಕು, ನಿಜವಾದದ್ದು ಮೂಲೆಯಲ್ಲಿರಲಿ ಅಂದರು. ಶಿಫಾರಸು ಪತ್ರದ ಮಾತು ಎತ್ತಲು ಮರೆತೇ ಬಂದೆ.