ಚಿಗವ್ವ ಓದಿಸಿದ 88ನೇ ಕೀರ್ತನೆ

"ಮುಗೀತೇನ್ರಿ?" ಅಂತ ಕೇಳಿದವರು ದೊಡ್ಡಪ್ಪನ ಬೀಗರು. "ಮುಗೀತ್ರಿ. ಅಷ್ಟ ಐತಿ" ಅಂದವಳು ನಮ್ಮ ಚಿಗವ್ವ. ಮೊನ್ನೆ ಮಂಗಳವಾರ ಸಂಜೆ ಬೆಟಗೇರಿಯ ಅವಳ ಪಡಸಾಲೆಯಲ್ಲಿ ಕೇಳಿದ ಈ ಎರಡು ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿವೆ.

ಚಿಗವ್ವನ ಮಗ, ನನಗೆ ತಮ್ಮನಾಗಬೇಕಾದವನನ್ನು ಮಣ್ಣು ಮಾಡಿ ಬಂದ ಮೂರನೇ ದಿನದ ಪ್ರಾರ್ಥನೆ ಅದು. ಇಪ್ಪತ್ತಾರರ ಹುಡುಗ. ನಮ್ಮ ಚರ್ಚಿನ ಅಯ್ನೋರು (ಪಾದ್ರಿಗಳು) ಸತ್ಯವೇದ, ಅಂದರೆ ಬೈಬಲ್ ತೆರೆದು, 'ಯೆಹೋವನು ನನಗೆ ಕುರುಬನು' ಅನ್ನುವ ಸಮಾಧಾನದ 23ನೇ ಕೀರ್ತನೆಗೆ ಬಂದಿದ್ದರು. ಸಾವಿನ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಇರುವುದೇ ಅದು. ಅಷ್ಟರಲ್ಲಿ ಬೀಗರು, "ದೇವರು ಚೊಲೋ ಹೂವನ್ನ ಮೊದಲ ಹರಕೋತಾನವ್ವಾ. ನೀ ಕಿಡ್ನಿ ಕೊಟ್ಟಿದ್ರಾಗೂ ಆತನದೊಂದು ಯೋಜನಾ ಇದ್ದ ಇರತೈತಿ" ಅಂದರು. ಕೆಟ್ಟವರಲ್ಲ ಅವರು. ಆಪರೇಷನ್ನಿನ ಹೊತ್ತಿಗೆ ಕೇಳದೆಯೇ ದುಡ್ಡು ತಂದುಕೊಟ್ಟವರು. ಆದರೆ ಸತ್ತವರ ಮನೆಯಲ್ಲಿ ಸುಮ್ಮನೆ ಕೂರುವುದು ಅವರಿಗೆ ಆಗುವುದಿಲ್ಲ. ನಮ್ಮ ಸಭೆಯಲ್ಲಿ ಅಂಥವರೇ ಹೆಚ್ಚು.

ಚಿಗವ್ವ ಅವರ ಕಡೆ ನೋಡಲೇ ಇಲ್ಲ. "ಅಯ್ನೋರ, ಇಪ್ಪತ್ಮೂರು ಬ್ಯಾಡ್ರಿ. ಎಂಬತ್ತೆಂಟು ಓದ್ರಿ" ಅಂದಳು.

ಅಯ್ನೋರು ಇನ್ನೂ ಹುಡುಗರು. ಯಾಕೆ ಏನು ಅಂತ ಕೇಳದೆ, ಪೀಠಿಕೆ ಹಾಕದೆ ಹಾಳೆ ತಿರುಗಿಸಿ ಓದಿದರು. ಅವರ ಮೇಲಿನ ಗೌರವ ನನಗೆ ಆಗ ಇಮ್ಮಡಿಯಾಯಿತು. ಕೀರ್ತನೆ ಶುರುವಾಗುವುದೇ ಹಗಲೂ ರಾತ್ರಿ ಮೊರೆಯಿಡುವುದರಿಂದ. ಗೋರಿಯ ಪಾಲಾದವರ ಲೆಕ್ಕಕ್ಕೆ ನಾನೂ ಸೇರಿದೆ, ಯಾಕೆ ನನಗೆ ಮುಖ ಮರೆಮಾಡುತ್ತೀ ಅಂತ ದೇವರನ್ನೇ ನೇರವಾಗಿ ಕೇಳುತ್ತದೆ. ಉಳಿದ ಗೋಳಿನ ಕೀರ್ತನೆಗಳು ಎಷ್ಟು ಅತ್ತರೂ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಭರವಸೆಗೆ, ಸ್ತುತಿಗೆ ಹೊರಳುತ್ತವೆ. ಕೂತವರೆಲ್ಲ ಆ ಹೊರಳನ್ನೇ ಕಾಯುತ್ತಿದ್ದರು. 18ನೇ ವಚನದಲ್ಲಿ ಆಪ್ತರೂ ದೂರವಾಗಿ, ಕತ್ತಲೆ ಅನ್ನುವಲ್ಲಿಗೆ ಬಂದು ಓದು ನಿಂತಿತು. ಬೀಗರು ಪಕ್ಕದವರ ಪುಸ್ತಕಕ್ಕೆ ಬಗ್ಗಿ, ಮುಂದಿನ ಹಾಳೆಯಲ್ಲಿ ಏನಾದರೂ ಉಳಿದಿದೆಯೇನೋ ಅಂತ ನೋಡಿದರು.

"ಮುಗೀತೇನ್ರಿ?"

"ಮುಗೀತ್ರಿ. ಅಷ್ಟ ಐತಿ."

ಆ ಉತ್ತರದಲ್ಲಿ ಸಿಟ್ಟಿರಲಿಲ್ಲ. ಒಲೆಯ ಮೇಲಿನ ಸಾರು ಸಾಕಾಗುತ್ತದೋ ಇಲ್ಲವೋ ಅಂತ ಹೇಳುವಾಗಿನ ದನಿ, ಅಷ್ಟೇ.

ಅವಳಿಗೆ ಆ ಕೀರ್ತನೆ ಗುರುತಾದದ್ದು ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ. ವಾರಕ್ಕೆ 3 ಸಲ, ಸಲಕ್ಕೆ 4 ತಾಸು. ತಮ್ಮನ ಎಡಗೈಗೆ ಫಿಸ್ಟುಲಾ ಮಾಡಿದ್ದರು. ಅಭಿಧಮನಿಯನ್ನು ಅಪಧಮನಿಗೆ ಜೋಡಿಸಿದ ಆ ಜಾಗ ಮುಟ್ಟಿದರೆ ಬೆಕ್ಕು ಗುರುಗುಟ್ಟಿದ ಹಾಗೆ ಸಣ್ಣಗೆ ನಡುಗುತ್ತದೆ. ನಡುಕ ನಿಂತರೆ ಕೂಡಲೇ ಬರಬೇಕು ಅಂತ ಡಾಕ್ಟರು ಹೇಳಿದ್ದರಿಂದ ಚಿಗವ್ವ ರಾತ್ರಿಯೆಲ್ಲ ಅಲ್ಲಿ ಹೆಬ್ಬೆರಳಿಟ್ಟುಕೊಂಡೇ ಮಲಗುತ್ತಿದ್ದಳು. ಆಮೇಲೆ ತನ್ನ ಕಿಡ್ನಿಯನ್ನೇ ಕೊಟ್ಟಳು. ವರ್ಷದ ಮೇಲೆ ಸ್ವಲ್ಪ ದಿನ ಅದು ನಡೆಯಿತು. ಆಮೇಲೆ ಅವನ ಮೈ ಅದನ್ನು ಒಲ್ಲೆ ಅಂದಿತು.

ಇಂಥವಳಿಗೆ 'ಯೋಜನೆ' ಅನ್ನುವ ಮಾತನ್ನು ಹೇಗೆ ಹೇಳುತ್ತಾರೋ! ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡ ಯೋಬನ ಗೆಳೆಯರೂ ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ಬಿಡದೆ ಕೂತಿದ್ದರು. ಅಲ್ಲಿಯವರೆಗೆ ಅವರದೇನೂ ತಪ್ಪಿಲ್ಲ. ಬಾಯಿ ತೆರೆದು ದೇವರ ಪರವಾಗಿ ವಾದ ಹೂಡಿದ ಮೇಲೆ ಕೆಟ್ಟಿತು. ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ, ಇವನದೋ ತಂದೆತಾಯಿಯದೋ ಅಂತ ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದ. ಸತ್ತುಹೋದ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಗೋರಿಗೆ ಹೋಗುವ ದಾರಿಯಲ್ಲಿ ಅತ್ತ. ಶಿಲುಬೆಯ ಮೇಲೆ ಅವನ ಬಾಯಿಗೆ ಬಂದದ್ದೂ 22ನೇ ಕೀರ್ತನೆಯ ಮೊದಲ ಸಾಲು, ಯಾಕೆ ಕೈಬಿಟ್ಟೆ ಅನ್ನುವ ಪ್ರಶ್ನೆ. ಮೇಲಿನಿಂದ ಆ ಹೊತ್ತಿನಲ್ಲಿ ಉತ್ತರ ಬಂತೆಂದು ಯೇಸುವಿನ ಕಥೆ ಹೇಳುವ ಯಾವ ಸುವಾರ್ತೆಯಲ್ಲೂ ಇಲ್ಲ. ನಾನು ಕ್ರೈಸ್ತಳಾಗಿ ಉಳಿದಿರುವುದು ಬಹುಶಃ ಇದರಿಂದಲೇ. ನಾನು ಕೇಳುವುದನ್ನು ನನಗಿಂತ ಮೊದಲು ನನ್ನ ಕರ್ತನೇ ಕೇಳಿದ್ದಾನೆ. ಹಾಗಿರುವಾಗ ನೋವಿಗೆ ನಾವು ಅವಸರದಿಂದ ಒಂದು ಕಾರಣ ಹಚ್ಚುವುದು ಭಕ್ತಿ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಭಯಕ್ಕೆ ಹಾಗೆ ಮಾಡುತ್ತೇವೆ.

ಬಂದವರೆಲ್ಲ ಹೋದ ಮೇಲೆ ಚಹಾದ ಕಪ್ಪು ತೊಳೆಯುತ್ತಾ ನಾನು ಕೇಳಿಯೇಬಿಟ್ಟೆ. "ಚಿಗವ್ವಾ, ಕೊಟ್ಟಿದ್ದು ಸುಮ್ನ ಹೋತು ಅಂತ ಅನಸ್ತೈತೇನ?"

ಅವಳ ಕೈ ಪಕ್ಕೆಯ ಕೆಳಗಿನ ಗಾಯದ ಗೆರೆಗೆ ಹೋಯಿತು. ಬಗ್ಗಿ ಏಳುವಾಗಲೆಲ್ಲ ಅಲ್ಲಿಗೆ ಹೋಗುತ್ತದೆ.

"ಡಯಾಲಿಸಿಸ್‌ದಾಗ ದಿನಕ್ಕ ಒಂದು ಲೀಟರ್ ನೀರೂ ಕುಡಿಯಂಗಿರಲಿಲ್ಲ ಅವಾ. ಬ್ಯಾಸಗ್ಯಾಗ ಐಸ್ ತುಂಡು ಬಾಯಾಗ ಇಟ್ಕೊಂಡು ಕೂಡತಿದ್ದ. ನನ್ನ ಕಿಡ್ನಿ ಹಾಕಿದ ಮ್ಯಾಲ ತಂಬಿಗಿ ಎತ್ತಿ ಗಟಗಟ ಕುಡದ್ನಲ್ಲಾ, ಅದನ್ನ ನಾ ನೋಡೇನಿ. ವರ್ಷದ ಮ್ಯಾಲ ಕುಡದಾನ. ಅದನ್ಯಾಕ ಸುಮ್ನ ಅನ್ನಲಿ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕರ್ತ ಗೋರಿಯಿಂದ ಎದ್ದು ಬಂದ ಮ್ಯಾಲೂ ಶಿಷ್ಯ ತೋಮನಿಗೆ ಗಾಯಾನ ತೋರಿಸಿದ. ಅಳಿಸ್ಕೊಂಡು ಬರಲಿಲ್ಲ. ನಂದೂ ಇರಲಿ" ಅಂದಳು.

ಒಂದು ತಂಬಿಗೆ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದು ಅಂತ ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಕೇಳಿದ ವಚನ. ಚಿಗವ್ವ ಅದರ ಹೆಸರೆತ್ತಲಿಲ್ಲ. ಪ್ರತಿಫಲದ ಮಾತನ್ನೂ ಆಡಲಿಲ್ಲ. ಮಗ ನೀರು ಕುಡಿದದ್ದು ಅವಳಿಗೆ ಮುಂದಿನ ಯಾವುದೋ ದೊಡ್ಡ ಯೋಜನೆಯ ಒಂದು ಮೆಟ್ಟಿಲಾಗಿರಲಿಲ್ಲ. ಅವನಿಗೆ ಬಾಯಾರಿತ್ತು, ಅವಳಿಂದ ನೀರು ದಕ್ಕಿತು. ಫಲ ಸಿಗಲಿಲ್ಲ ಅನ್ನುವ ಕಾರಣಕ್ಕೆ ಪ್ರೀತಿ ವ್ಯರ್ಥವಾಗದು ಅನ್ನುವುದನ್ನು ನಾನು ಚರ್ಚಿನ ಎಷ್ಟೋ ಪ್ರಸಂಗಗಳಲ್ಲಿ (ಉಪದೇಶಗಳಲ್ಲಿ) ಕೇಳಿದ್ದೆ. ಮಂಗಳವಾರದ ತನಕ ನಂಬಿದ್ದೆನೋ ಇಲ್ಲವೋ ಹೇಳಲಾರೆ.

ನಿನ್ನೆ ಫೋನು ಮಾಡಿದ್ದಳು. ಚರ್ಚಿನ ಹೆಂಗಸರ ಕೂಟದಲ್ಲಿ ಸಾಕ್ಷಿ, ಅಂದರೆ ದೇವರ ಜೊತೆಗಿನ ತನ್ನ ಅನುಭವ, ಹೇಳಬೇಕೆಂದು ಕೇಳಿದ್ದಾರಂತೆ. ಒಪ್ಪಿದ್ದಾಳೆ. ಒಂದೇ ಕರಾರು ಹಾಕಿದ್ದಾಳೆ: "ನಾ ಎಲ್ಲಿ ನಿಲ್ಲಸ್ತೇನೋ ಅಲ್ಲೇ ನಿಲ್ಲಲಿ. ಸ್ತೋತ್ರ ಅನ್ನೂದಿದ್ರ ನಾನ ಅಂತೇನಿ. ನನ್ನ ಪರವಾಗಿ ಯಾರೂ ಅನ್ನಬ್ಯಾಡ್ರಿ."