ಮನೆಯಲ್ಲೇ ಕಿವಿ ಪರೀಕ್ಷೆ: ಕನ್ನಡದ ಅಂಕಿಗಳ ತಕರಾರು

"ನಂಗೆ ಚೆನ್ನಾಗೇ ಕೇಳ್ಸುತ್ತೆ ಕಣಮ್ಮ, ಸೊಸೆನೇ ಬಾಯೊಳಗೆ ಮಾತಾಡ್ತಾಳೆ." ತುಮಕೂರಿನಲ್ಲಿ ಕಿವಿ ಪರೀಕ್ಷೆ ಮಾಡುವ ನನಗೆ ಈ ಮಾತು ಬಾಯಿಪಾಠ ಆಗಿಬಿಟ್ಟಿದೆ. ಇಂಥವರು ಕ್ಲಿನಿಕ್ಕಿಗೆ ಬರುವುದಿಲ್ಲ. ಮನೆಯಲ್ಲೇ ಫೋನಿನಲ್ಲಿ ನೋಡಿಕೊಳ್ಳಿ ಅಂದರೆ ಒಪ್ಪುತ್ತಾರೆ. ಆದರೆ ಆ ಪರೀಕ್ಷೆ ನಂಬುವಂತಿರಬೇಕಲ್ವಾ?

ಬರೀ 'ಪೀಂ' ಅನ್ನುವ ಆ್ಯಪ್‌ಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಒಂದೊಂದು ಇಯರ್‌ಫೋನಿನಲ್ಲಿ ಸದ್ದು ಒಂದೊಂದು ಥರ ಬರುತ್ತದೆ. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಮಾಮೂಲಿ ಟೆಲಿಫೋನಿಗೇ ಒಂದು ಪರೀಕ್ಷೆ ಮಾಡಿದರು. ಗದ್ದಲದ ನಡುವೆ ಮೂರು ಅಂಕಿ ಕೇಳಿಸುತ್ತವೆ, ನಾವು ಒತ್ತಬೇಕು. ಸರಿಯಾದರೆ ಮುಂದಿನದು ಕಷ್ಟ, ತಪ್ಪಾದರೆ ಸುಲಭ. ವಾಲ್ಯೂಮ್ ಏರಿಸಿದರೆ ಗದ್ದಲವೂ ಜೊತೆಗೇ ಏರುತ್ತದೆ. ಲೆಕ್ಕಕ್ಕೆ ಬರುವುದು ಎರಡರ ನಡುವಿನ ಅಂತರ ಮಾತ್ರ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಆ್ಯಪ್ ಕೂಡ ಇದೇ ಬಗೆಯದು.

ಕನ್ನಡದಲ್ಲಿ ಮಾಡಲು ಹೋದರೆ ತಲೆ ತಿನ್ನುವುದು ಅಂಕಿಗಳೇ. 'ಒಂಬತ್ತು' ಉದ್ದ, ಗದ್ದಲದಲ್ಲೂ ಗುರುತು ಸಿಕ್ಕಿಬಿಡುತ್ತದೆ. 'ಎರಡು' ಬಿಡಿಸಿ ಹೇಳಿದರೆ ಉದ್ದ, ಮಾತಿನ ಓಟದಲ್ಲಿ 'ಎರ್ಡು'. 'ಮೂರು', 'ಆರು' ಎರಡಕ್ಕೂ ಬಾಲ ಒಂದೇ. ಆ ನೆದರ್‌ಲ್ಯಾಂಡ್ಸ್‌ನವರು ತಮ್ಮ ಡಚ್ ಭಾಷೆಯಲ್ಲಿ ಉದ್ದವಾಗುವ ಏಳು, ಒಂಬತ್ತನ್ನು ಬಿಟ್ಟೇ ಬಿಟ್ಟರು. ಉಳಿದ ಒಂದೊಂದು ಅಂಕಿಯೂ ಒಂದೇ ಸಮ ಕಷ್ಟ ಆಗುವ ಹಾಗೆ ಸದ್ದನ್ನು ಚೂರು ಚೂರೇ ಸರಿಮಾಡಬೇಕು. ಗದ್ದಲ ಅಂತ ಬಿ.ಎಚ್. ರಸ್ತೆಯ ಹಾರನ್ ಸುಮ್ನೆ ಸೇರಿಸುವ ಹಾಗಿಲ್ಲ. ಅಂಕಿ ಹೇಳಿದ ದನಿಯಲ್ಲಿ ದಪ್ಪ, ಕೀಚು ಸದ್ದುಗಳು ಎಷ್ಟೆಷ್ಟಿವೆಯೋ ಅದೇ ಅಳತೆಯಲ್ಲಿರುವ, ಎಡೆಬಿಡದ 'ಶ್ಶ್' ಬೇಕು. ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಎಣಿಸುವುದೇ ತೆಲುಗಿನಲ್ಲಿ, ಅವರಿಗೆ ಬೇರೆ ರೆಕಾರ್ಡಿಂಗೇ ಆಗಬೇಕು.

ಮೊದಲ ಸಲ ಎಲ್ಲರೂ ತಡವರಿಸುತ್ತಾರೆ. ಹಾಗಾಗಿ ಒಂದು ಸುತ್ತು ಅಭ್ಯಾಸಕ್ಕೆ ಬಿಡಬೇಕು. ಆಮೇಲೆ ಇವತ್ತಿನ ಫಲಿತಾಂಶ, ಇನ್ನೊಂದು ದಿನದ್ದು ಹತ್ತಿರ ಹತ್ತಿರ ಬಂದರೆ ಮಾತ್ರ ನಾನು ಒಪ್ಪುತ್ತೇನೆ.

ಇದರಲ್ಲೂ ಒಂದು ತೂತು ಇದೆ. ಗುಗ್ಗೆ ಮಾತನ್ನೂ ಗದ್ದಲವನ್ನೂ ಒಟ್ಟಿಗೇ ತಗ್ಗಿಸುತ್ತದೆ, ಹಾಗಾಗಿ ಗುಗ್ಗೆ ಕಟ್ಟಿದವರು ವಾಲ್ಯೂಮ್ ಏರಿಸಿಕೊಂಡು ಪಾಸಾಗಬಹುದು. ಒಂದು ಕಿವಿ ಚೆನ್ನಾಗಿದ್ದರೆ ಇನ್ನೊಂದರ ದೋಷ ಮುಚ್ಚಿಹೋಗಬಹುದು. ಅದಕ್ಕೇ ಈಗ ಒಂದು ಕಿವಿಗೆ ಹೋಗುವ ಮಾತಿನ ಅಲೆಯನ್ನು ತಲೆಕೆಳಗು ಮಾಡಿ ಕೊಡುವ ವಿಧಾನ ಬಂದಿದೆ. ಗದ್ದಲ ಎರಡೂ ಕಡೆ ಒಂದೇ. ಎರಡು ಕಿವಿಯೂ ನೆಟ್ಟಗಿದ್ದರೆ ಅಂಕಿ ಗದ್ದಲದಿಂದ ಬೇರೆಯಾಗಿ ಸುಲಭವಾಗಿ ಕೇಳುತ್ತದೆ, ಒಂದು ಮಂದವಾಗಿದ್ದರೂ ಆ ಲಾಭ ಕಮ್ಮಿ. ಇಯರ್‌ಫೋನ್ ಎರಡೂ ಕಿವಿಯಲ್ಲಿರಬೇಕು ಮತ್ತೆ. ಮೊಮ್ಮಗ ಒಂದನ್ನು ತಾನು ಸಿಕ್ಕಿಸಿಕೊಂಡು ಅಜ್ಜಿಗೆ ಒಂದು ಕೊಟ್ಟರೆ ಆಗುವುದಿಲ್ಲ.