ಶಿವಪ್ಪಿಚ್

1990ರಲ್ಲಿ ಎಂ.ಎಸ್ಸಿ. ಓದಲು ಗದಗ ಕಡೆಯಿಂದ ಧಾರವಾಡಕ್ಕೆ ಬಂದವನು ನಾನು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಜೆ ಹೊತ್ತು ರಷ್ಯನ್ ಸರ್ಟಿಫಿಕೇಟ್ ಕೋರ್ಸ್ ಇದೆ ಅಂತ ಗೊತ್ತಾಯಿತು. ಫೀ ಕಡಿಮೆ. ಹಾಸ್ಟೆಲಿನಲ್ಲಿ ಸಂಜೆ ಬೇರೆ ಕೆಲಸವೂ ಇರಲಿಲ್ಲ. ರಷ್ಯನ್ ಸಾಹಿತ್ಯದ ಹುಚ್ಚಿನಿಂದ ಸೇರಿದೆ ಅಂತ ಆಮೇಲೆ ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಸುಳ್ಳು ಅದು.

ಮೊದಲ ದಿನ ಸರ್ ಬೋರ್ಡಿನ ಮೇಲೆ ಮೂರು ಅಕ್ಷರ ಬರೆದರು. ನಮ್ಮ ಕಣ್ಣಿಗೆ ಅದು ಇಂಗ್ಲಿಷಿನ ಎಚ್, ಓ, ಸಿ. 'ಹಾಕ್' ಅಂದೆವು. ಅವರು ನಕ್ಕು 'ನೋಸ್' ಅಂತ ಓದಿದರು. ಅರ್ಥ ಏನು ಅಂದರೆ, ಮೂಗು! ಅಲ್ಲಿ ಎಚ್ ಅಂದರೆ ನ, ಸಿ ಅಂದರೆ ಸ, ಪಿ ಅಂದರೆ ರ. ಒಟ್ಟು 33 ಅಕ್ಷರ. ಇಂಗ್ಲಿಷ್ ಮೀಡಿಯಂನವರೇ ಜಾಸ್ತಿ ಎಡವಿದರು, ನಮಗೆ ಒಳಗೊಳಗೇ ಖುಷಿ. ಆದರೆ ಇ ಮತ್ತು ಉ ನಡುವಿನ ಒಂದು ಸ್ವರ ಎಲ್ಲರನ್ನೂ ಕಾಡಿತು. ಉ ಅನ್ನುವಾಗಿನ ಹಾಗೆ ನಾಲಿಗೆ ಹಿಂದಕ್ಕೆಳೆದು, ತುಟಿ ಮಾತ್ರ ಅಗಲ ಮಾಡಬೇಕು. ಹೊಟ್ಟೆನೋವು ಬಂದವರ ಹಾಗೆ ಇಡೀ ಕ್ಲಾಸು ನರಳುತ್ತಿತ್ತು.

ವ್ಯಾಕರಣಕ್ಕೆ ಬಂದಾಗ ಮಾತ್ರ ನಮ್ಮ ಮನೆಗೇ ಬಂದ ಹಾಗಾಯಿತು. 'ಎತ ಕ್ನೀಗ' ಅಂದರೆ ಇದು ಪುಸ್ತಕ. ಅಷ್ಟೇ, ನಡುವೆ ಇಂಗ್ಲಿಷಿನ 'ಈಸ್' ಇಲ್ಲ. 'ಮ್ನೆ ಖೋಲದ್ನ' ಅಂದರೆ ನನಗೆ ಚಳಿ. ವಯಸ್ಸು ಹೇಳುವಾಗಲೂ ನಮ್ಮ ಹಾಗೇ 'ನನಗೆ ಇಪ್ಪತ್ತೆರಡು ವರ್ಷ'. ಇದನ್ನೆಲ್ಲ ಇಂಗ್ಲಿಷಿಗೆ ಹೋಗದೆ ಸೀದಾ ಕನ್ನಡದಿಂದ ದಾಟಿಸಬಹುದಿತ್ತು. ವಿಭಕ್ತಿಗಳು ಆರು. ಏಳು ವಿಭಕ್ತಿ ಬಾಯಿಪಾಠ ಮಾಡಿದವರಿಗೆ ಆರು ಯಾವ ಲೆಕ್ಕ ಅಂದುಕೊಂಡೆವು. ಲಿಂಗ, ವಚನದ ಜೊತೆ ಪ್ರತ್ಯಯವೂ ಬದಲಾಗುತ್ತದೆ ಅಂತ ಗೊತ್ತಾದ ಮೇಲೆ ಸುಮ್ನಾದೆವು. ನಡೆದು ಹೋಗುವುದಕ್ಕೆ ಒಂದು ಕ್ರಿಯಾಪದ, ಗಾಡಿಯಲ್ಲಿ ಹೋಗುವುದಕ್ಕೆ ಇನ್ನೊಂದು. ಧಾರವಾಡದೊಳಗಿನ ಸಪ್ತಾಪುರಕ್ಕೆ ಒಂದು, ಹುಬ್ಬಳ್ಳಿಗೆ ಒಂದು ಅಂತ ನೆನಪಿಟ್ಟುಕೊಂಡಿದ್ದೆ.

ಹೆಸರಿನ ಪಾಠದ ದಿನ ಕ್ಲಾಸಿನಲ್ಲಿ ಗದ್ದಲವೋ ಗದ್ದಲ. ರಷ್ಯದವರಿಗೆ ಹೆಸರು, ಅಪ್ಪನ ಹೆಸರು, ಮನೆತನದ ಅಡ್ಡಹೆಸರು ಅಂತ ಮೂರು ಇರುತ್ತವೆ. ಥೇಟ್ ನಮ್ಮ ಕಡೆಯ ಹಾಗೆ. ಅಪ್ಪನ ಹೆಸರಿಗೆ ಮಾತ್ರ ಬಾಲ ಅಂಟಿಸುತ್ತಾರೆ. ಇವಾನನ ಮಗ ಇವಾನವಿಚ್, ಮಗಳು ಇವಾನವ್ನ. ಅಲ್ಲಿ ಮಾಸ್ತರರನ್ನು 'ಸರ್' ಅನ್ನುವುದಿಲ್ಲ. ಹೆಸರಿನ ಜೊತೆ ಅವರ ಅಪ್ಪನ ಹೆಸರು ಸೇರಿಸಿ ಕರೆದರೆ ಅದೇ ಮರ್ಯಾದೆ. ನಮ್ಮೂರಲ್ಲಿ ಹಾಗೆ ಕರೆದಿದ್ದರೆ ಬೆನ್ನಿಗೆ ಬೀಳುತ್ತಿತ್ತು.

ನಮ್ಮಪ್ಪ ಶಿವಪ್ಪ. ನಾನು ಶಿವಪ್ಪೊವಿಚ್ಚೋ ಏನು ಅಂತ ಜಗಳ ಶುರುವಾಯಿತು. ಸರ್ ಸ್ವಲ್ಪ ಹೊತ್ತು ಯೋಚಿಸಿದರು. "ನಿಕೀತಾನ ಮಗ ನಿಕೀತಿಚ್. ಆ-ಕಾರದಿಂದ ಮುಗಿಯುವ ಹೆಸರಿಗೆ ಬರೀ ಇಚ್. ಹಂಗಾರ ನೀ ಶಿವಪ್ಪಿಚ್" ಅಂತ ತೀರ್ಪು ಕೊಟ್ಟರು. ಅವತ್ತು ರಾತ್ರಿಯೊಳಗೆ ಹಾಸ್ಟೆಲಿಗೆಲ್ಲ ಅದೇ ಹೆಸರು ಹರಡಿತು.

ಒಂದು ರವಿವಾರ ಅಪ್ಪ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹಾಸ್ಟೆಲಿಗೆ ಬಂದ. ನಾವಿಬ್ಬರೂ ವರಾಂಡದಲ್ಲಿ ಕೂತಿದ್ದೆವು. ಮೇಲಿನಿಂದ ನನ್ನ ರೂಮ್‌ಮೇಟ್ ಕೂಗಿದ: "ಲೇ ಶಿವಪ್ಪಿಚ್!" ಅಪ್ಪ ತಟ್ಟನೆ ಕತ್ತೆತ್ತಿದ. ಮುಖ ಕೆಂಪಾಯಿತು.

"ಹಿರ್ಯಾರನ್ನ ಹೆಸರು ಹಿಡದು 'ಲೇ' ಅಂತ ಕರೀತಾರೇನೋ ನಿಮ್ಮ ಯುನಿವರ್ಸಿಟಿಯಾಗ?"

ನಾನು ತಡವರಿಸುತ್ತ ಇವಾನನಿಂದ ಶುರು ಮಾಡಿ ಎಲ್ಲ ಹೇಳಿದೆ. ಅಪ್ಪ ರೊಟ್ಟಿ ಗಂಟು ಬಿಚ್ಚುತ್ತ ಕೇಳಿದ. "ಹೌದನು? ಅಷ್ಟ್ ದೂರದಾಗೂ ಅಪ್ಪನ ಹೆಸರು ಬಿಡಂಗಿಲ್ಲನು?" ಅಂದ. ಆಮೇಲೆ ರೂಮ್‌ಮೇಟನನ್ನೇ ಕೆಳಗೆ ಕರೆದು, ಇನ್ನೊಂದು ಸಲ ಹೇಳು ಅಂದ. ಅವನು ಹೆದರಿಕೊಂಡು ಮೆಲ್ಲಗೆ ಹೇಳಿದ. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವತ್ತು ರೂಮ್‌ಮೇಟನಿಗೆ ಎರಡು ರೊಟ್ಟಿ ಜಾಸ್ತಿ ಸಿಕ್ಕವು.

ಮರುವರ್ಷ ನಾವು ಓದುತ್ತಿದ್ದ ದೇಶವೇ ಕರಗತೊಡಗಿತು. 1991ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡ್ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. ಡಿಸೆಂಬರಿಗೆ ಸೋವಿಯತ್ ಒಕ್ಕೂಟವೇ ಇಲ್ಲ. ನನ್ನ ಪಠ್ಯಪುಸ್ತಕದಲ್ಲಿ ಮಾತ್ರ ಜನ ಇನ್ನೂ ಲೆನಿನ್‌ಗ್ರಾಡಿಗೆ ರೈಲು ಹತ್ತುತ್ತಿದ್ದರು. ಪೆನ್ಸಿಲ್ಲಿನಲ್ಲಿ ಹೊಡೆದು ಹೊಸ ಹೆಸರು ಬರೆಯಲು ಹೋದೆ. ಆ ಹೆಸರಿಗೆ ಯಾವ ವಿಭಕ್ತಿ ಪ್ರತ್ಯಯ ಹಚ್ಚಬೇಕು ಅಂತ ಗೊತ್ತಾಗದೆ ಹಾಗೇ ಬಿಟ್ಟೆ.

ರಷ್ಯನ್ನಿನಿಂದ ನೌಕರಿಗೆ ಏನೂ ಉಪಯೋಗವಾಗಲಿಲ್ಲ. ಕ್ರಿಯಾಪದಗಳು ಮರೆತೇ ಹೋದವು. ಚಳಿಗಾಲದ ಬೆಳಿಗ್ಗೆ 'ಮ್ನೆ ಖೋಲದ್ನ' ಅಂತ ಬಾಯಿಗೆ ಬರುತ್ತದೆ, ಅಷ್ಟೇ.

ಅಪ್ಪ ತೀರಿಕೊಂಡಾಗ ರೂಮ್‌ಮೇಟ್ ಹುಬ್ಬಳ್ಳಿಯಿಂದ ಬಂದಿದ್ದ. ಅಂಗಳದಲ್ಲಿ ನಿಂತು, ರೂಢಿಯಂತೆ, "ಶಿವಪ್ಪಿಚ್" ಅಂದ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು, ಹೋದವರ ಹೆಸರು ಹಿಡಿದು ಕರೆಯುವವನು ಯಾರಪ್ಪಾ ಅಂತ ತಿರುಗಿ ನೋಡಿದರು. ನಾನು ಒಳಗಿನಿಂದ "ಬಂದೆ" ಅಂದೆ.